ಸೇವಂತಿಗೆ, ಶ್ಯಾವಂತಿಗೆ: ಈ ಹೆಸರು ಮೊದಲು ಯಾವ ಹೂವಿನದು?

ಹೂ ಬೇಸಾಯದ ಕಿರುಹೊತ್ತಗೆಯೊಂದರ ಕರಡು ನೋಡುತ್ತಿದ್ದೇನೆ. ಬರೆದವರು ಗದಗ ಕಡೆಯ ಬೆಳೆಗಾರರು, ಉದ್ದಕ್ಕೂ ‘ಶ್ಯಾವಂತಿಗೆ’ ಎಂದೇ ಬರೆದಿದ್ದಾರೆ. ನನಗಿಂತ ಮೊದಲು ಕರಡು ತಿದ್ದಿದವರು ಎಲ್ಲ ಕಡೆ ಕೆಂಪು ಗೆರೆ ಎಳೆದು, ‘ದೇವರ ಸೇವೆಗೆ ಸಲ್ಲುವ ಹೂವಾದ್ದರಿಂದ ಸೇವಂತಿಗೆ, ಉಳಿದದ್ದು ಅಪಭ್ರಂಶ’ ಎಂದು ಷರಾ ಬರೆದಿದ್ದಾರೆ.

ಈ ‘ಸೇವೆ’ಯ ವ್ಯುತ್ಪತ್ತಿ ನನಗೆ ಒಪ್ಪಿಗೆಯಿಲ್ಲ. ತೆಲುಗಿನವರು ಚಾಮಂತಿ, ಚೇಮಂತಿ ಅನ್ನುತ್ತಾರೆ. ತಮಿಳಿನಲ್ಲಿ ಸಾಮಂದಿಯೂ ಉಂಟು, ಸೆವ್ವಂದಿಯೂ ಉಂಟು. ಮರಾಠಿಯಲ್ಲಿ ಶೇವಂತಿ. ಅಂದರೆ ವಕಾರ ಇರುವಷ್ಟೇ ಕಡೆ ಮಕಾರವೂ ಇದೆ, ಸಂಸ್ಕೃತ ನಿಘಂಟುಗಳಲ್ಲೂ ‘ಸೇಮಂತೀ’, ‘ಸೇಮಂತಿಕಾ’ ಸಿಗುತ್ತವೆ. ಸೇವೆಯಿಂದ ಹೊರಟರೆ ಈ ಮಕಾರಕ್ಕೆ ಲೆಕ್ಕ ಕೊಡಲಾಗದು. ಇನ್ನು ‘ಶ್ಯಾ’ ಎಂಬುದು ಬೇಕಾಬಿಟ್ಟಿ ಉಚ್ಚಾರವೇನಲ್ಲ. ಬೇಡ ಬ್ಯಾಡ ಆಗುವ, ಪೇಟೆ ಪ್ಯಾಟಿ ಆಗುವ, ಮೇಲೆ ಮ್ಯಾಲ ಆಗುವ ಅದೇ ದಾರಿಯಲ್ಲಿ ಶೇವಂತಿಗೆ ಶ್ಯಾವಂತಿಗಿ ಆಗಿದೆ. ಪುಸ್ತಕದಲ್ಲಿ ಒಂದೇ ರೂಪ ಇರಲಿ ಎಂದರೆ ಸರಿ, ಅಶುದ್ಧ ಎಂದರೆ ತಪ್ಪು.

ನಿಜವಾದ ತೊಡಕು ಅರ್ಥದಲ್ಲಿದೆ. ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ-ಇಂಗ್ಲಿಷ್ ನಿಘಂಟಿನಲ್ಲಿ ಸೇಮಂತೀ ಎಂದರೆ ಬಿಳಿ ಗುಲಾಬಿ! ಹಿಂದಿಯ ‘ಸೇವತಿ’ಯೂ ಗುಲಾಬಿಯೇ, ನಮ್ಮ ಸೇವಂತಿಗೆಗೆ ಅವರು ಗುಲ್‌ದಾವುದಿ ಅನ್ನುತ್ತಾರೆ. ತೋಟದ ಸೇವಂತಿಗೆಯನ್ನು ಸಾಕಿ ಬೆಳೆಸಿದ್ದು ಚೀನಾದಲ್ಲಿ. ಹಾಗಾದರೆ ಹೆಸರು ಮೊದಲು ಗುಲಾಬಿಯದಾಗಿದ್ದು, ಹೊರಗಿನಿಂದ ಬಂದ ಗಿಡಕ್ಕೆ ಆಮೇಲೆ ಅಂಟಿಕೊಂಡಿತೇ? ನನ್ನ ಊಹೆ ಹೌದು. ಎರಡೂ ಬಿಳಿ, ಎರಡಕ್ಕೂ ಒತ್ತೊತ್ತಾದ ಎಸಳು, ಮೇಲುನೋಟಕ್ಕೆ ಅಷ್ಟು ಸಾಕು. (ಕಿತ್ತು ನೋಡಿದರೆ ಮಾತು ಬೇರೆ. ಗುಲಾಬಿಯ ಎಸಳು ಬರೀ ಎಸಳು. ಸೇವಂತಿಗೆಯ ಎಸಳನ್ನು ಬುಡಸಮೇತ ಎಳೆದರೆ ತಳದಲ್ಲಿ ಕವಲೊಡೆದ ಸಣ್ಣ ಎಳೆಯೊಂದು ಕಾಣುತ್ತದೆ. ಒಂದೊಂದು ಎಸಳೂ ಒಂದೊಂದು ಹೂವು, ಸೂರ್ಯಕಾಂತಿಯ ಕುಟುಂಬದ ಲಕ್ಷಣವೇ ಅದು.)

ಹಳಗನ್ನಡ, ನಡುಗನ್ನಡ ಕಾವ್ಯ ಬಲ್ಲವರಲ್ಲಿ ನನ್ನ ಪ್ರಶ್ನೆ ಇದು: ಸೇವಂತಿಗೆ ಯಾವ ಋತುವಿನ ವರ್ಣನೆಯಲ್ಲಿ ಬರುತ್ತದೆ? ಕೇಳಲು ಕಾರಣ ಬೇಸಾಯದಲ್ಲಿದೆ. ಸೇವಂತಿಗೆ ಹಗಲು ಕುಗ್ಗಿ ರಾತ್ರಿ ಹಿಗ್ಗಿದಾಗ ಮೊಗ್ಗು ಕಟ್ಟುವ ಗಿಡ. ಅದಕ್ಕೇ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬು ಉರಿಸುತ್ತಾರೆ. ರಾತ್ರಿಯ ನಡುವೆ ಬೆಳಕು ಬಿದ್ದರೆ ಗಿಡ ಮೊಗ್ಗಿನ ಯೋಚನೆ ಬಿಟ್ಟು ಕೊಂಬೆ ಎಲೆ ಹೊಡೆಯುತ್ತದೆ, ಬೇಕಾದಾಗ ಬಲ್ಬು ಆರಿಸಿ ಹೂ ಬಿಡಿಸಿಕೊಳ್ಳಬಹುದು. ಕರೆಂಟಿಲ್ಲದ ಕಾಲದಲ್ಲಿ ಆ ಉಪಾಯವಿರಲಿಲ್ಲ. ಮುಂಗಾರಿನ ಹೊತ್ತಿಗೆ ಸಸಿ ನೆಟ್ಟು, ತಿಂಗಳಾದ ಮೇಲೆ ಕುಡಿ ಚಿವುಟಿ ಪೊದೆಯಾಗಿಸಿದರೆ ಹೂವಿನ ಸುಗ್ಗಿ ದಸರೆ, ದೀಪಾವಳಿಯ ಆಸುಪಾಸಿಗೆ. ಆದ್ದರಿಂದ ಕವಿ ವಸಂತದ ವನದಲ್ಲಿ ಸೇವಂತಿಗೆ ಅರಳಿಸಿದ್ದರೆ ಅದು ಗುಲಾಬಿ ಇರಬೇಕೆಂದು ಶಂಕಿಸಬಹುದು. ಶರತ್ಕಾಲ, ಹೇಮಂತದಲ್ಲಿ ಅರಳಿಸಿದ್ದರೆ ಇಂದಿನ ಹೂವೇ. ಮಹಾಕಾವ್ಯದಲ್ಲಿ ಇರಲೇಬೇಕೆನ್ನುವ ಹದಿನೆಂಟು ವರ್ಣನೆಗೆಂದು ಕಾಲ ನೋಡದೆ ಹೂ ಪೇರಿಸುವ ಕವಿಗಳೂ ಇದ್ದಾರೆ, ನಿಜ. ಮುಳ್ಳಿನ ಮಾತು ಜೊತೆಗೆ ಬಂದಿದ್ದರೆ ವಾದವೇ ಮುಗಿಯಿತು. ಹರಿಹರನ ಪುಷ್ಪರಗಳೆಯನ್ನು ಈ ಕಣ್ಣಿನಿಂದ ಓದಿದವರಿದ್ದರೆ ಸಾಲುಸಮೇತ ತಿಳಿಸಿ.

ಇದೇ ಕರಡಿನಲ್ಲಿ ಇನ್ನೊಂದು ಎಡವಟ್ಟು. ತಳಿಗಳ ಪಟ್ಟಿಯಲ್ಲಿ ಪೂರ್ಣಿಮಾ, ಐಶ್ವರ್ಯ, ಚಾಂದಿನಿ, ಮಾರಿಗೋಲ್ಡ್ ಎಂದಿತ್ತು. ಷರಾ ಬರೆದ ಮಹನೀಯರು ಕೊನೆಯದನ್ನು ‘ಚೆಂಡುಹೂವು’ ಎಂದು ಕನ್ನಡಿಸಿಬಿಟ್ಟಿದ್ದಾರೆ. ಮಾರಿಗೋಲ್ಡ್ ಎಂಬುದು ಇಲ್ಲಿ ಸೇವಂತಿಗೆಯದೇ ಒಂದು ಹಳದಿ ತಳಿ. ‘ಚೆಂಡುಹೂವು’ ಎಂಬ ಆ ತಿದ್ದುಪಡಿ ನಂಬಿ ಸಸಿ ಕೇಳಿದವರಿಗೆ ನರ್ಸರಿಯಲ್ಲಿ ಸಿಗುವುದು ಚೆಂಡುಹೂವಿನ ಗಿಡವೇ. ತಳಿಯ ಹೆಸರನ್ನು ಅನುವಾದಿಸಬಾರದೆಂದು ತಿದ್ದಿದ್ದೇನೆ.

‘ಸಕರ್’ ಎಂಬುದಕ್ಕೂ ನಿಮ್ಮ ಕಡೆಯ ಮಾತು ಬೇಕು. ಹೂ ಮುಗಿದು ಗಿಡ ಕೊಯ್ದ ಮೇಲೆ ಬುಡದಿಂದ ಏಳುತ್ತದಲ್ಲ, ಬೇರುಸಮೇತ ಬಿಡಿಸಿ ಮತ್ತೆ ನೆಡುವ ಚಿಗುರು, ಅದು. ಕರಡಿನಲ್ಲಿ ‘ಕಂದು’ ಎಂದಿದೆ. ಬಾಳೆಗೆ ಕಂದು ಕೇಳಿದ್ದೇನೆ. ಸೇವಂತಿಗೆಗೂ ಹಾಗೇ ಅನ್ನುತ್ತಾರೆಯೇ, ಇಲ್ಲ ಮರಿ, ಬೇರುಸಸಿ ಅನ್ನುತ್ತಾರೆಯೇ? ಊರಿನ ಹೆಸರು ಸೇರಿಸಿ ಬರೆದರೆ ಉಪಕಾರ.