3 ಲಕ್ಷ ಮುಂಗಡ ಕೊಡುವ ಮೊದಲು ಕೇಳಿ, ಭಾವ

ಭಾವ, ಅಕ್ಕ, ಇದು ಸ್ವಲ್ಪ ಉದ್ದವಾಗುತ್ತದೆ, ಬೈಯಬೇಡಿ. ಟೈಪ್ ಮಾಡುತ್ತಾ ಕುಳಿತರೆ ಬೆಳಗಾದೀತು ಎಂದು ಬಾಯಲ್ಲೇ ಹೇಳುತ್ತಿದ್ದೇನೆ. ಜನರ ಸರ್ಕಾರಿ ಅರ್ಜಿಗಳನ್ನು ಹಾಕಿಕೊಡುವ ನಮ್ಮ ಅಕ್ಷಯ ಕೇಂದ್ರದ ಶಟರ್ ಈಗಷ್ಟೇ ಎಳೆದೆ, ಹೊರಗೆ ಮಳೆ, ಸದ್ದು ಬಂದರೆ ಅದು ತಗಡಿನದ್ದು.

ನಿನ್ನೆ ಭಾವ ಮನೆಯವರ ಗುಂಪಿಗೆ ಹಾಕಿದ ಏಜೆಂಟನ ಕಾಗದವನ್ನು ದೊಡ್ಡದು ಮಾಡಿ ನೋಡಿದೆ. ನಮ್ಮ ಹುಡುಗ ಮಾಣಿಗೆ ಇಂಗ್ಲೆಂಡಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾ, ವೃದ್ಧರ ಆರೈಕೆ ಕೇಂದ್ರದಲ್ಲಿ ಸೀನಿಯರ್ ಕೇರರ್ ಕೆಲಸ, ವರ್ಷಕ್ಕೆ 24,000 ಪೌಂಡ್ ಸಂಬಳ. ಏಜೆಂಟನಿಗೆ ಒಟ್ಟು 14 ಲಕ್ಷ, ಅದರಲ್ಲಿ 3 ಲಕ್ಷ ಸೋಮವಾರದೊಳಗೆ. ಕೆಳಗೆ ಚಿನ್ನದ ಬಣ್ಣದ ಮುದ್ರೆ ಬೇರೆ. ತೋಟದ ಮೇಲೆ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಎಷ್ಟು ಸಾಲ ಸಿಕ್ಕೀತು ಎಂದು ಭಾವ ಕೇಳಿದ್ದಾರೆ. ಮೊದಲು ಸರ್ಟಿಫಿಕೇಟುಗಳ ಅಟೆಸ್ಟೇಶನ್, ಅಂದರೆ ಅವು ಅಸಲಿ ಎಂಬ ಸರ್ಕಾರಿ ದೃಢೀಕರಣ, ಮಾಡಿಸಿ ಎಂದು ದುಬೈಯಿಂದ ಮಾವ ಹೇಳಿದ್ದಾರೆ. ಉಳಿದವರು ಅಭಿನಂದನೆ ಹೇಳಿ ಮುಗಿಸಿದ್ದಾರೆ. ನಾನು ಹೇಳುವುದಿಲ್ಲ. ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವ ದಾರಿಯನ್ನು ಬ್ರಿಟನ್ ಸರ್ಕಾರ 2025ರ ಜುಲೈ 22ರಂದೇ ಮುಚ್ಚಿದೆ. ಕೇರರ್ ಆದರೂ ಅಷ್ಟೇ, ಸೀನಿಯರ್ ಕೇರರ್ ಆದರೂ ಅಷ್ಟೇ. ಇಲ್ಲದ ಕೆಲಸಕ್ಕೆ 14 ಲಕ್ಷ ಕೇಳುವವನ ಧೈರ್ಯ ಮೆಚ್ಚಬೇಕು.

ಅದೇ ದಿನದಿಂದ ಇನ್ನೂ ಎರಡು ಬದಲಾದವು. ಕೊರತೆಯ ಪಟ್ಟಿಯಲ್ಲಿರುವ ಕೆಲವನ್ನು ಬಿಟ್ಟರೆ ಈಗ ಪದವಿ ಮಟ್ಟದ ಕೆಲಸಗಳಿಗೆ ಮಾತ್ರ ಈ ವೀಸಾ. ಸಂಬಳದ ಸಾಮಾನ್ಯ ಮಿತಿ 41,700 ಪೌಂಡಿಗೆ ಏರಿತು. ಅರ್ಜಿ ಹಾಕುವ ದಿನ 26 ತುಂಬಿರದಿದ್ದರೆ 33,400ಕ್ಕೆ ಇಳಿಯುತ್ತದೆ, ಜೊತೆಗೆ ಆ ಹುದ್ದೆಗೆಂದೇ ಗೊತ್ತುಪಡಿಸಿದ ದರದ ಶೇಕಡಾ 70ನ್ನೂ ಮುಟ್ಟಬೇಕು. ಮಾಣಿ, ನಿನಗೆ 25 ನಡೆಯುತ್ತಿದೆ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡಿದ್ದೀಯ, ಮಂಗಳೂರಿನಲ್ಲಿ ಕೆಲಸದ ಅನುಭವವೂ ಇದೆ. ನಿನ್ನ ಓದಿಗೆ ಸರಿಯಾದ ದಾರಿ ತೆರೆದೇ ಇದೆ. ಅದನ್ನು ಬಿಟ್ಟು, ಮೊದಲು ಕೇರರ್ ಆಗಿ ಹೋಗಿ ಆಮೇಲೆ ಬದಲಾಯಿಸಿಕೊಳ್ಳಿ ಎನ್ನುವವನ ಮಾತಿಗೆ ಏಕೆ ಕಿವಿ ಕೊಟ್ಟೆ?

ಮಾವನವರ ಕಾಲದ ಗಲ್ಫ್ ಲೆಕ್ಕ ನಮ್ಮ ಊರಿನವರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ವೀಸಾ ಎಂದರೆ ಯಾರೋ ಮಾರುವ ವಸ್ತು, ಹಣ ಕೊಟ್ಟರೆ ಬರುತ್ತದೆ ಎಂದು. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಕೆಲಸ ಮೊದಲು, ವೀಸಾ ಆಮೇಲೆ. ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಸರ್ಕಾರದಿಂದ ಸ್ಪಾನ್ಸರ್ ಲೈಸೆನ್ಸ್ ಪಡೆದ ಕಂಪನಿ ನಿನ್ನನ್ನು ಸಂದರ್ಶನ ಮಾಡಿ ಆರಿಸಿಕೊಳ್ಳಬೇಕು. ಆ ಮೇಲೆ ಅದು ಗೃಹ ಇಲಾಖೆಯಿಂದ ನಿನ್ನ ಹೆಸರಿಗೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ತೆಗೆಯಬೇಕು. ಹೆಸರಿಗೆ ಸರ್ಟಿಫಿಕೇಟ್, ನಿಜದಲ್ಲಿ ಅದು ಕಂಪ್ಯೂಟರಿನಲ್ಲಿರುವ ದಾಖಲೆ, ನಿನ್ನ ಕೈಗೆ ಬರುವುದು ಒಂದು ಸಂಖ್ಯೆ. ಚಿನ್ನದ ಮುದ್ರೆ, ಚೌಕಟ್ಟು ಯಾವುದೂ ಇರುವುದಿಲ್ಲ. ಸಂಖ್ಯೆ ಸಿಕ್ಕ ಮೂರು ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು.

ಈಗ ಹಣದ ವಿಷಯ, ಭಾವ ಇದನ್ನು ಎರಡು ಸಲ ಕೇಳಿಸಿಕೊಳ್ಳಲಿ. ಲೈಸೆನ್ಸಿನ ಶುಲ್ಕ, ಸರ್ಟಿಫಿಕೇಟಿನ ಶುಲ್ಕ, ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಎಂಬ ದೊಡ್ಡ ಮೊತ್ತ, ಇವೆಲ್ಲ ಕಂಪನಿಯ ಹೊರೆ. ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ, ಮಾಡಿದರೆ ಕಂಪನಿಯ ಲೈಸೆನ್ಸಿಗೇ ಕುತ್ತು. ನಾವು ಕೊಡಬೇಕಾದದ್ದು ವೀಸಾ ಶುಲ್ಕ ಮತ್ತು ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆಂದು ಆರೋಗ್ಯ ಸರ್ಚಾರ್ಜ್. 2025ರ ದರದಲ್ಲಿ ಮೂರು ವರ್ಷದವರೆಗಿನ ವೀಸಾಕ್ಕೆ 769 ಪೌಂಡ್, ಸರ್ಚಾರ್ಜ್ ವರ್ಷಕ್ಕೆ 1,035. ಮೂರು ವರ್ಷಕ್ಕೆ ಎರಡೂ ಸೇರಿ 3,874 ಪೌಂಡ್, ನಾಲ್ಕೂವರೆ ಲಕ್ಷದ ಆಚೀಚೆ. ಅದೂ ಆನ್‌ಲೈನಿನಲ್ಲಿ ನೇರವಾಗಿ ಬ್ರಿಟನ್ ಸರ್ಕಾರಕ್ಕೆ. ಇದಲ್ಲದೆ 1,270 ಪೌಂಡಿನಷ್ಟು ಹಣ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಕಂಪನಿಯೇ ಆ ಜವಾಬ್ದಾರಿ ಹೊತ್ತರೆ ಅದೂ ಬೇಡ. ಕ್ಷಯರೋಗದ ಪರೀಕ್ಷೆಯನ್ನು ಅವರು ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು. ಟಿಕೆಟ್ ಸೇರಿಸಿದರೂ 14 ಲಕ್ಷದ ಹತ್ತಿರಕ್ಕೆ ಬರುವುದಿಲ್ಲ. ಉಳಿದದ್ದು ಯಾರ ಜೇಬಿಗೆ?

ನಮ್ಮ ದೇಶದ ಕಾನೂನೂ ಇದೆ. 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಊಟವಾದ ಮೇಲೆ ನಾನೇ ಹುಡುಕಿದೆ. ಭಾವ ಕಳಿಸಿದ ಕಾಗದದಲ್ಲಿರುವ ಹೆಸರು ಅಲ್ಲಿ ಇಲ್ಲ. ಬ್ರಿಟನ್ ಸರ್ಕಾರವೂ ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿಯನ್ನು ಬಹಿರಂಗವಾಗಿ ಹಾಕಿದೆ. ಅಲ್ಲಿ ಹೆಸರು ಕಂಡ ಮಾತ್ರಕ್ಕೆ ನಂಬುವಂತೆಯೂ ಇಲ್ಲ, ಅಸಲಿ ಕಂಪನಿಯ ಹೆಸರನ್ನು ಕದ್ದು ಕಾಗದ ಮಾಡುವವರಿದ್ದಾರೆ. ಆ ಕಂಪನಿಯ ಸ್ವಂತ ಜಾಲತಾಣದಲ್ಲಿರುವ ವಿಳಾಸಕ್ಕೆ ಬರೆದು, ಈ ಹುದ್ದೆ ನಿಮ್ಮದೇ ಎಂದು ಕೇಳಬೇಕು. ಕಾಗದದಲ್ಲಿ ಕೊಟ್ಟ ಮೊಬೈಲ್ ಸಂಖ್ಯೆಗೆ ಕರೆ ಮಾಡಿ ಕೇಳಿದರೆ ಹೌದು ಎನ್ನದೆ ಮತ್ತೇನು ಹೇಳುತ್ತಾರೆ?

ಹಣ ಹೋದರೆ ಹೋಯಿತು ಎಂದುಕೊಳ್ಳೋಣ. ಸುಳ್ಳು ದಾಖಲೆಯ ಅರ್ಜಿಯೆಂದು ತಿರಸ್ಕಾರವಾದರೆ ಬ್ರಿಟನ್ನಿಗೆ ಹತ್ತು ವರ್ಷ ಮತ್ತೆ ಹೋಗುವಂತಿಲ್ಲ. ಹೇಗೋ ಹೋಗಿ ತಲುಪಿದ ಮೇಲೆ ಕಂಪನಿಯ ಲೈಸೆನ್ಸ್ ರದ್ದಾದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅಲ್ಲೇ ನೆಲೆಸುವ ಹಕ್ಕು ಐದು ವರ್ಷಕ್ಕೆ ಸಿಗುತ್ತದೆ ಎಂದೂ ಕಾಗದದಲ್ಲಿದೆ. ಅದನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು ಅಲ್ಲಿನ ಸರ್ಕಾರ 2025ರಲ್ಲಿ ಮುಂದಿಟ್ಟಿದೆ. ಐದು ವರ್ಷದ ಮಾತನ್ನು ನೆಚ್ಚಿಕೊಂಡು ಅಕ್ಕ ಮದುವೆಯ ಲೆಕ್ಕ ಹಾಕುವುದು ಬೇಡ.

ಮಾವ, ನೀವು ಹೇಳಿದ ಅಟೆಸ್ಟೇಶನ್ ಗಲ್ಫಿಗೆ ಬೇಕೇ ಬೇಕು. ಬ್ರಿಟನ್ನಿನ ಈ ವೀಸಾಕ್ಕೆ ಸಾಮಾನ್ಯವಾಗಿ ಕೇಳುವುದಿಲ್ಲ. ಇಂಗ್ಲಿಷ್ ಬರುತ್ತದೆ ಎಂದು ತೋರಿಸಬೇಕು. 2026ರ ಜನವರಿ 8ರಿಂದ ಹೊಸ ಅರ್ಜಿದಾರರಿಗೆ ಅದು ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ, ಮಟ್ಟದ್ದಾಗಿರಬೇಕು. ಪರೀಕ್ಷೆ ಬರೆಯುವುದಾದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಸಾಮಾನ್ಯ ರೂಪ ನಡೆಯುವುದಿಲ್ಲ, ಬ್ರಿಟನ್ ವೀಸಾ ವಿಭಾಗದ ಹೆಸರಾದ ಯುಕೆವಿಐ ಎಂದು ನಮೂದಾದದ್ದೇ ಆಗಬೇಕು. ಇಂಗ್ಲಿಷ್ ಮಾಧ್ಯಮದ ಪದವಿ ಇದ್ದರೆ ಎಕ್ಟಿಸ್ ಎಂಬ ಸಂಸ್ಥೆಯಿಂದ ದೃಢೀಕರಿಸಿಕೊಂಡು ಪರೀಕ್ಷೆಯಿಂದಲೇ ಪಾರಾಗಬಹುದು.

ಮುಂದೆ ಯಾವ ದೇಶವಾದರೂ ಅಟೆಸ್ಟೇಶನ್ ಕೇಳಿತು ಎನ್ನಿ, ಆಗ ಕೇರಳ-ಕರ್ನಾಟಕ ಗಡಿಯವರಾದ ನಮಗೆ ಎರಡು ಕಡೆ ಓಡಾಟ. ಮಾಣಿಯ ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಕೇರಳದವು, ಅವನ್ನು ಹೊರದೇಶದ ಕೆಲಸದವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ ಮೂಲಕ ಮಾಡಿಸಬೇಕು, ನಮಗೆ ಹತ್ತಿರದ ಕೇಂದ್ರ ಕೋಝಿಕ್ಕೋಡ್. ಇಂಜಿನಿಯರಿಂಗ್ ಪದವಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನದ್ದು, ಅದನ್ನು ನೋರ್ಕಾದವರು ಮುಟ್ಟುವುದಿಲ್ಲ, ಕರ್ನಾಟಕ ಸರ್ಕಾರದಿಂದಲೇ ಆಗಬೇಕು. ಇದು ಗೊತ್ತಿಲ್ಲದೆ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟುಕೊಂಡು ರೈಲು ಹತ್ತಿ ಅರ್ಧದಷ್ಟನ್ನು ಹಾಗೆಯೇ ಮರಳಿ ತಂದವರನ್ನು ನೋಡಿದ್ದೇನೆ.

ನನಗೆ ಅದಕ್ಕಿಂತ ಹೆಚ್ಚಿನ ಚಿಂತೆ ಹೆಸರಿನದ್ದು. ದಿನವೂ ನನ್ನ ಮೇಜಿನ ಮೇಲೆ ಇದೇ ಗೋಳು. ಮನೆಯಲ್ಲಿ ಕನ್ನಡದ ಹೆಸರು, ಪಂಚಾಯತಿನಲ್ಲಿ ಅದನ್ನು ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಶಂಕರ ಸಂಕರನಾಗುತ್ತಾನೆ, ಲಕ್ಷ್ಮಿ ಲೆಕ್ಷ್ಮಿಯಾಗುತ್ತಾಳೆ. ಶಾಲೆಯಲ್ಲಿ ಮನೆ ಹೆಸರಿನ ಇನಿಷಿಯಲ್, ಕಾಲೇಜಿನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದನ್ನೇ ಅಕ್ಷರ ತಪ್ಪದೆ ಎಲ್ಲ ಅರ್ಜಿಯಲ್ಲೂ ಬರೆಯಬೇಕು. ಉಳಿದ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಇಬ್ಬರೂ ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ‘ವನ್ ಆ್ಯಂಡ್ ಸೇಮ್’ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಬಹುದು, ಅರ್ಜಿ ನಮ್ಮಲ್ಲೇ ಹಾಕಬಹುದು. ಪಾಸ್‌ಪೋರ್ಟನ್ನೇ ತಿದ್ದಬೇಕಾದರೆ ನಮಗೆ ಕೋಝಿಕ್ಕೋಡ್ ಪ್ರಾದೇಶಿಕ ಕಚೇರಿ. ಕೆಲಸ ಸಿಕ್ಕ ಮೇಲೆ ಅದಕ್ಕೆ ಓಡಬೇಡ, ಈಗಲೇ ಮುಗಿಸು.

ಇಂಗ್ಲೆಂಡೇ ಆಗಬೇಕೆಂಬ ಹಟ ಇಲ್ಲದಿದ್ದರೆ ಜರ್ಮನಿಯನ್ನೂ ನೋಡು. ಇಂಜಿನಿಯರುಗಳು ಅಲ್ಲಿನ ಕೊರತೆಯ ಪಟ್ಟಿಯಲ್ಲಿದ್ದಾರೆ. 2025ರಲ್ಲಿ ಆ ಪಟ್ಟಿಯವರಿಗೆ ಬ್ಲೂ ಕಾರ್ಡಿನ, ಅಂದರೆ ಪದವೀಧರರಿಗೆ ಅಲ್ಲಿ ಕೆಲಸ ಮಾಡಲು ಕೊಡುವ ಪರವಾನಗಿಯ, ಸಂಬಳದ ಮಿತಿ ವರ್ಷಕ್ಕೆ 43,759.80 ಯೂರೋ ಇತ್ತು. ಮೊದಲು ನಿನ್ನ ವಿಶ್ವವಿದ್ಯಾಲಯ, ಪದವಿ ಎರಡೂ ಹೊರದೇಶದ ಪದವಿಗಳನ್ನು ಪಟ್ಟಿ ಮಾಡುವ ಅನಾಬಿನ್ ಎಂಬ ಜರ್ಮನಿಯ ದತ್ತಾಂಶದಲ್ಲಿ ಹೇಗೆ ನಮೂದಾಗಿವೆ ನೋಡಬೇಕು. ಕೆಲಸ ಸಿಗದೆಯೂ ಹೋಗಿ ಒಂದು ವರ್ಷ ಹುಡುಕಲು 2024ರ ಜೂನಿನಿಂದ ಚಾನ್ಸೆನ್‌ಕಾರ್ಟೆ ಎಂಬ ಪರವಾನಗಿ ಇದೆ. ಅದಕ್ಕೆ ಮಾತ್ರ ಖರ್ಚಿಗೆಂದು ತಿಂಗಳಿಗೆ 1,091 ಯೂರೋದ ಲೆಕ್ಕದಲ್ಲಿ ಹಣ ಮುಂಚೆಯೇ ತೋರಿಸಬೇಕು, 2025ರ ದರ ಇದು. ಆ ಹಣ ನಿನ್ನದೇ ಖಾತೆಯಲ್ಲಿ ಉಳಿಯುತ್ತದೆ, ಏಜೆಂಟನ ಜೇಬಿಗೆ ಹೋಗುವುದಿಲ್ಲ. ಸಾಲ ಮಾಡಲೇಬೇಕೆಂದರೆ ಇಂಥದ್ದಕ್ಕೆ ಮಾಡಿದರೆ ನನಗೆ ಅಷ್ಟು ಸಂಕಟವಿಲ್ಲ. ಕೇರಳ, ಕರ್ನಾಟಕ ಎರಡಕ್ಕೂ ಜರ್ಮನಿಯ ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ. ಜರ್ಮನ್ ಭಾಷೆಯನ್ನು ಮಾತ್ರ ಇವತ್ತಿನಿಂದಲೇ ಕಲಿ. ಬ್ಲೂ ಕಾರ್ಡಿಗೆ ಅದು ಕಡ್ಡಾಯವಲ್ಲ, ಆದರೆ ಅಲ್ಲಿ ಬಿ1 ಮಟ್ಟ ಮುಟ್ಟಿದವರು 21 ತಿಂಗಳಲ್ಲೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ಅತ್ತಿಗೆ, ನೀವು ಮಗಳ ನರ್ಸಿಂಗ್ ಬಗ್ಗೆ ಕೇಳಿದ್ದಿರಿ. ಅವಳಿಗೆ ಖಾಸಗಿ ಏಜೆಂಟ್ ಬೇಡವೇ ಬೇಡ. ಜರ್ಮನಿಗೆ ನರ್ಸುಗಳನ್ನು ಕಳಿಸುವ ನೋರ್ಕಾದ ಟ್ರಿಪಲ್ ವಿನ್ ಯೋಜನೆಯಲ್ಲಿ ಭಾಷೆಯ ತರಬೇತಿಯೂ ಉಚಿತ. ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಒಡೆಪೆಕ್ ಸಂಸ್ಥೆ ಕೂಡ ಕೇರಳ ಸರ್ಕಾರದ್ದೇ. ವಿವರ ಬೇರೆಯಾಗಿ ಕಳಿಸುತ್ತೇನೆ.

ಭಾವ, ಏಜೆಂಟನಿಗೆ ಇಷ್ಟೇ ಹೇಳಿ: ಕಂಪನಿಯ ಹೆಸರು, ಸಂದರ್ಶನದ ದಿನಾಂಕ, ಇ-ಮೈಗ್ರೇಟ್ ನೋಂದಣಿ ಸಂಖ್ಯೆ ಮೂರನ್ನೂ ಬರಹದಲ್ಲಿ ಕೊಡಿ, ಆಮೇಲೆ ಹಣದ ಮಾತು. ಬ್ಯಾಂಕಿನ ಕಾರ್ಯದರ್ಶಿಯ ಬಳಿ ಈಗ ಹೋಗಬೇಡಿ. ಮಾಣಿ, ಶನಿವಾರ ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ, ವಿಟಿಯು ಸರ್ಟಿಫಿಕೇಟುಗಳ ಅಸಲಿಯನ್ನೇ ತೆಗೆದುಕೊಂಡು ಬಾ, ಮೊಬೈಲಿನ ಫೋಟೋ ಬೇಡ. ಮೂರು ಗಂಟೆಯ ಮೇಲೆ ಬಾ, ಅದಕ್ಕೆ ಮೊದಲು ಪಿಂಚಣಿಯ ಮಸ್ಟರಿಂಗಿಗೆ, ಅಂದರೆ ಬದುಕಿದ್ದೇವೆ ಎಂದು ತೋರಿಸಲು, ಬಂದ ಅಜ್ಜಂದಿರ ಸಾಲು ಇರುತ್ತದೆ.