ವಾಯ್ನಾ ಪೊಟೊಸಿ ಹತ್ತೋಕೆ ಒಂಬತ್ತು ದಿನ ಸಾಕಾ? ಹೋಗಿ ಬಂದವರು ಹೇಳಿ

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಆಫೀಸ್ ಕೆಲಸದ ಮೇಲೆ ಬ್ರೆಜಿಲ್‌ನ ಸಾವೊ ಪಾಲೊಗೆ ಹೋಗುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಒಂಬತ್ತು ದಿನ ರಜೆ ಸಿಕ್ಕಿದೆ. ಅಷ್ಟು ದೂರ ಹೋದಮೇಲೆ ಪಕ್ಕದ ಬೊಲಿವಿಯಾಕ್ಕೂ ಹೋಗಿ, ಲಾ ಪಾಜ್ ಹತ್ತಿರದ ವಾಯ್ನಾ ಪೊಟೊಸಿ ಹತ್ತಬೇಕು ಅಂತ ತುಂಬಾ ಆಸೆ. ಎತ್ತರ 6,088 ಮೀಟರ್. ಗೈಡ್ ಜೊತೆ ಎರಡು ದಿನದ ಪ್ಯಾಕೇಜೂ ಇದೆ, ಮೂರು ದಿನದ್ದೂ ಇದೆ. ನನಗೆ 34 ವರ್ಷ. ಕುಮಾರ ಪರ್ವತ ಎರಡು ಸಲ, ಕೇದಾರಕಂಠ ಒಂದು ಸಲ ಹತ್ತಿದ್ದೇನೆ. ವಾರಕ್ಕೆ ಮೂರು ದಿನ ಓಡುತ್ತೇನೆ. ಐಸ್ ಆಕ್ಸ್ ಮಾತ್ರ ಕೈಯಲ್ಲಿ ಹಿಡಿದೇ ಇಲ್ಲ. ಹೇಗೆ ತಯಾರಾಗಬೇಕು, ಏನು ಕೊಳ್ಳಬೇಕು, ಮಾತ್ರೆ ತಗೋಬೇಕಾ? ಸಸ್ಯಾಹಾರಿ ಬೇರೆ.

ಶಿವಮೊಗ್ಗದವರು, ಈಗ ಟೊರೊಂಟೊ

ಮೇಡಂ, ನಾನು ಈ ಬೆಟ್ಟಕ್ಕೆ ಎರಡು ಸಲ ಹೋದವನು. ಒಂದು ಸಲ ಅರ್ಧದಿಂದ ವಾಪಸ್ ಬಂದೆ, ಇನ್ನೊಂದು ಸಲ ತುದಿ ಮುಟ್ಟಿದೆ. ಎರಡು ಸಲವೂ ನನ್ನ ಕಾಲು, ನನ್ನ ತಯಾರಿ ಹೆಚ್ಚುಕಡಿಮೆ ಒಂದೇ ಥರ ಇತ್ತು. ವ್ಯತ್ಯಾಸ ಇದ್ದದ್ದು ಬೆಟ್ಟಕ್ಕೆ ಹೋಗುವ ಮುಂಚೆ ಎತ್ತರದ ಜಾಗದಲ್ಲಿ ಎಷ್ಟು ದಿನ ಕಳೆದೆ ಅನ್ನುವುದರಲ್ಲಿ ಮಾತ್ರ.

ಒಂದು ಲೆಕ್ಕ ನೋಡಿ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ 1,500 ಮೀಟರಿಗೂ ಜಾಸ್ತಿ ಏರಬೇಕು. ವಾಯ್ನಾದಲ್ಲಿ ಮೇಲಿನ ಕ್ಯಾಂಪಿನಿಂದ ತುದಿಗೆ ಬರೀ 900 ಮೀಟರ್ ಆಸುಪಾಸು. ಅಂದರೆ ನಿಮ್ಮ ಕಾಲಿಗೆ ಇದಕ್ಕಿಂತ ದೊಡ್ಡ ಏರು ಆಗಲೇ ಗೊತ್ತು. ಆದರೆ 6,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಹತ್ತು ಹೆಜ್ಜೆ, ನಿಲ್ಲು, ನಾಲ್ಕು ಉಸಿರು, ಮತ್ತೆ ಹತ್ತು ಹೆಜ್ಜೆ. ಎಷ್ಟೇ ಓಡಿದವರಿಗೂ ಅಲ್ಲಿ ನಡಿಗೆ ಹೀಗೇ.

ಮೊದಲ ಸಲ ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ದಯವಿಟ್ಟು ಮಾಡಬೇಡಿ. ಲಾ ಪಾಜ್‌ಗೆ ವಿಮಾನ ಇಳಿಯುವ ಎಲ್ ಆಲ್ಟೊ ಏರ್‌ಪೋರ್ಟ್ ಇರುವುದೇ 4,061 ಮೀಟರಿನಲ್ಲಿ. ಅಲ್ಲಿ ಇಳಿದ ಮೂರನೇ ದಿನವೇ ಬೆಟ್ಟಕ್ಕೆ ಹೊರಟೆ. ಬುಕ್ ಮಾಡಿಕೊಟ್ಟವರು 'ಏನೂ ಆಗಲ್ಲ, ಕೊಕಾ ಚಹಾ ಕುಡಿಯಿರಿ ಸಾಕು' ಅಂದಿದ್ದರು (ಕೊಕಾ ಅನ್ನುವುದು ಅಲ್ಲಿನ ಒಂದು ಗಿಡದ ಎಲೆ), ನಾನೂ ನಂಬಿದೆ. ಮೇಲಿನ ಕ್ಯಾಂಪಿಗೆ ಹೋಗುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಕುಡಿದ ನೀರೂ ವಾಂತಿಯಾಯಿತು. ರಾತ್ರಿ ಗೈಡ್ ಟಾರ್ಚ್ ಹಿಡಿದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನೇರ ಗೆರೆಯಲ್ಲಿ ನಡೆಯಲು ಹೇಳಿದರು. ಐದನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ಅವರು ಇನ್ನೇನೂ ಕೇಳಲಿಲ್ಲ. ಬ್ಯಾಗು ತಾವೇ ಹೆಗಲಿಗೆ ಹಾಕಿಕೊಂಡು ಆ ಕತ್ತಲಲ್ಲೇ ನನ್ನನ್ನು ಕೆಳಗೆ ಇಳಿಸಿದರು. ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಹಾಗಾಗಿ ನಿಮ್ಮ ಒಂಬತ್ತು ದಿನ ನನ್ನ ಕೈಲಿದ್ದರೆ ಹೀಗೆ ಹಂಚುತ್ತಿದ್ದೆ. ಮೊದಲ ಎರಡು ದಿನ ಲಾ ಪಾಜ್‌ನಲ್ಲಿ ಸುಮ್ನೆ ನಿಧಾನಕ್ಕೆ ಓಡಾಡಿ. ಊರೇ 3,600 ಮೀಟರ್ ಎತ್ತರದಲ್ಲಿದೆ, ರೂಮಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಊರಿನ ಕೇಬಲ್ ಕಾರ್ ಹತ್ತಿ ಎಲ್ ಆಲ್ಟೊಗೆ ಹೋಗಿ ಬನ್ನಿ. ಆಮೇಲೆ ಎರಡು ದಿನ ಟಿಟಿಕಾಕಾ ಸರೋವರ. ಅದು 3,812 ಮೀಟರ್. ಸರೋವರದ ದಡದಲ್ಲಿರುವ ಕೊಪಾಕಬಾನಾ ಊರಿನಿಂದ ದೋಣಿಯಲ್ಲಿ ಇಸ್ಲಾ ದೆಲ್ ಸೋಲ್ ದ್ವೀಪಕ್ಕೆ ಹೋಗಿ ಅಲ್ಲಿನ ಏರುದಾರಿಯಲ್ಲಿ ನಡೆಯಿರಿ, ಒಂದು ರಾತ್ರಿ ಅಲ್ಲೇ ಮಲಗಿ. ಐದನೇ ದಿನ ವಾಪಸ್ ಬಂದು ವಿಶ್ರಾಂತಿ. ಮೈ ಹಗುರ ಅನಿಸಿದರೆ ಚಕಲ್ತಾಯಾಕ್ಕೆ ವ್ಯಾನಿನಲ್ಲಿ ಹೋಗಿ ಬರಬಹುದು, 5,400 ಮೀಟರ್ ದಾಟಿದ ತುದಿ, ರಸ್ತೆಯೇ ಬಹುಪಾಲು ಮೇಲೆ ತಲುಪಿಸುತ್ತದೆ. ಒಂದು ಕಾಲದಲ್ಲಿ ಜನ ಅಲ್ಲಿ ಹಿಮದ ಮೇಲೆ ಜಾರುತ್ತಿದ್ದರು. 2009ರ ಹೊತ್ತಿಗೆ ಅಲ್ಲಿನ ಹಿಮನದಿ ಪೂರ್ತಿ ಕರಗಿಹೋಯಿತು. ಈಗ ಬರೀ ಕಲ್ಲು, ಖಾಲಿ ಕಟ್ಟಡ. ನೋಡಿ ಮನಸ್ಸಿಗೆ ತುಂಬಾ ಕಸಿವಿಸಿಯಾಯಿತು.

ಆರು, ಏಳು, ಎಂಟನೇ ದಿನ ಬೆಟ್ಟ. ಮೂರು ದಿನದ್ದನ್ನೇ ತಗೊಳ್ಳಿ. ಮೊದಲ ದಿನ ಕೆಳಗಿನ ಕ್ಯಾಂಪಿನ ಹತ್ತಿರದ ಹಳೇ ಹಿಮನದಿಯ ಮೇಲೆ ಕ್ರ್ಯಾಂಪಾನ್ (ಬೂಟಿನಡಿಗೆ ಕಟ್ಟುವ ಕಬ್ಬಿಣದ ಮುಳ್ಳು) ಕಟ್ಟಿಕೊಂಡು ನಡೆಯೋದು, ಐಸ್ ಆಕ್ಸ್ ಹಿಡಿಯೋದು, ಹಗ್ಗ ಕಟ್ಟೋದು ಎಲ್ಲ ಹೇಳಿಕೊಡುತ್ತಾರೆ. ನಿಮಗೆ ಇದೇ ಮುಖ್ಯ. ಆ ರಾತ್ರಿ ಸುಮಾರು 4,700 ಮೀಟರಿನಲ್ಲಿ ಮಲಗುವುದರಿಂದ ಮೈಯೂ ಒಗ್ಗುತ್ತದೆ. ಒಂಬತ್ತನೇ ದಿನ ಖಾಲಿ ಬಿಡಿ. ವಿಮಾನ ಆ ದಿನ ಸಂಜೆಗಿರಲಿ.

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ತುದಿಗೆ ಹೊರಡುವ ರಾತ್ರಿ ಸಾಮಾನ್ಯವಾಗಿ ಒಬ್ಬ ಗೈಡ್ ಹಗ್ಗಕ್ಕೆ ಇಬ್ಬರನ್ನು ಕಟ್ಟುತ್ತಾರೆ. ಅವರಲ್ಲಿ ಒಬ್ಬರಿಗೆ ಆಗದಿದ್ದರೆ ಇಬ್ಬರೂ ಇಳಿಯಬೇಕು. ಹಿಮದ ಬಿರುಕುಗಳ ನಡುವೆ ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ, ಅದು ಸರಿಯೂ ಹೌದು. ಗುರುತಿಲ್ಲದವರ ಜೊತೆ ಹಗ್ಗ ಹಂಚಿಕೊಳ್ಳುವುದು ಬೇಡ ಅನಿಸಿದರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ನಿಮಗೇ ಅಂತ ಒಬ್ಬ ಗೈಡ್ ಮಾಡಿಕೊಳ್ಳಿ. ಐಎಫ್‌ಎಂಜಿಎ, ಅಂದರೆ ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ, ಮಾನ್ಯತೆ ಇರುವ ಗೈಡ್‌ಗಳು ಬೊಲಿವಿಯಾದಲ್ಲಿದ್ದಾರೆ, ಬುಕ್ ಮಾಡುವಾಗ ಅದನ್ನೇ ಕೇಳಿ. ಬೇರೆ ಯಾವುದರಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಧಾರವಾಡದಿಂದ, ಡಾಕ್ಟರ್

ಮಾತ್ರೆ ಬಗ್ಗೆ ನಾನು ಹೇಳುತ್ತೇನೆ. ಅಸೆಟಜೋಲಮೈಡ್, ಅಂಗಡಿಯಲ್ಲಿ ಡಯಾಮಾಕ್ಸ್ ಅಂತ ಕೇಳಿರುತ್ತೀರಿ. ಎತ್ತರದ ಕಾಯಿಲೆ ಬರದಂತೆ ತಡೆಯಲು ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಮೇಲೆ ಹೋಗುವ ಹಿಂದಿನ ದಿನದಿಂದ. ನಿಮ್ಮ ಲೆಕ್ಕದಲ್ಲಿ ಅದು ಲಾ ಪಾಜ್‌ಗೆ ಹಾರುವ ಹಿಂದಿನ ದಿನ, ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಅಲ್ಲ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ಸೋಡಾ ರುಚಿ ಕೆಡುತ್ತದೆ, ಹೆದರಬೇಡಿ. ಸಲ್ಫಾ ಔಷಧಿ ಆಗದವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ನೀವೂ ಕೇಳಿಯೇ ತಗೊಳ್ಳಿ. ಊರಲ್ಲೇ ಒಂದೆರಡು ದಿನ ತಗೊಂಡು ನೋಡಿ, ಒಗ್ಗದಿದ್ದರೆ ಇಲ್ಲೇ ಗೊತ್ತಾಗಲಿ.

ಆದರೆ ಮೇಲಿನವರು ಹೇಳಿದ ದಿನಗಳ ಬದಲಿಗೆ ಈ ಮಾತ್ರೆ ಅಂದುಕೊಳ್ಳಬೇಡಿ. ತಲೆನೋವಿದ್ದಾಗ ಇನ್ನೂ ಮೇಲೆ ಹೋಗಿ ಮಲಗಬಾರದು. ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಮೆದುಳಿಗೆ ನೀರು ಬಂದಿರುವ ಲಕ್ಷಣ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು. ಎರಡರಲ್ಲೂ ಪ್ರಾಣ ಹೋಗಬಹುದು. ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಇಳಿಯಬೇಕು. ಅಲ್ಲಿನ ಒಂದು ಕಷ್ಟ ಏನೆಂದರೆ ಇಳಿದು ಬರುವ ಲಾ ಪಾಜ್ ಕೂಡ ಎತ್ತರದ ಊರೇ. ಅಲ್ಲೂ ಹುಷಾರಾಗದಿದ್ದರೆ ಆಸ್ಪತ್ರೆಗೆ ಹೋಗಿ, ಅವರು ಹೇಳಿದರೆ ಸಾಂತಾ ಕ್ರೂಜ್ ಕಡೆ ಹೊರಡಿ, ಅದು ಸಮುದ್ರಮಟ್ಟದಿಂದ ಬರೀ 400 ಮೀಟರ್ ಚಿಲ್ಲರೆ. ಮೇಲಿರುವಾಗ ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ.

ಮೈಸೂರಿನಿಂದ

ನಾನೂ ಸಸ್ಯಾಹಾರಿ, ಎರಡು ವರ್ಷದ ಹಿಂದೆ ಹೋಗಿ ಬಂದೆ. ಹೋಗಮ್ಮಾ, ಊಟಕ್ಕೆ ಹೆದರಬೇಡ. ಆಲೂಗಡ್ಡೆಯ ಊರೇ ಅದು. ಕಿನೋವಾ ಸೂಪ್ ಚೆನ್ನಾಗಿ ಮಾಡುತ್ತಾರೆ. ಆದರೆ 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ ಅಂದರೆ, ತುಂಡು ತೆಗೆದು ಅದೇ ಸಾರು ಕೊಡುವುದೂ ಉಂಟು. ಸಾರೂ ಮಾಂಸದ್ದಾಗಿರಬಾರದು ಅಂತ ಬಿಡಿಸಿ ಹೇಳು. ಕ್ಯಾಂಪಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಅನ್ನ ನಾವು ಅಂದುಕೊಂಡ ಹಾಗೆ ಬೇಯುವುದಿಲ್ಲ. ಹಸಿವು ಬೇರೆ ಸತ್ತುಹೋಗಿರುತ್ತದೆ. ನಾನು ಮನೆಯಿಂದ ಶೇಂಗಾ ಉಂಡೆ, ಹುರಿಗಡಲೆ, ಗೊಜ್ಜವಲಕ್ಕಿ ಪುಡಿ ಒಯ್ದಿದ್ದೆ. ಚಾಕೊಲೇಟ್ ಚಳಿಗೆ ಕಲ್ಲಾಗಿತ್ತು. ಶೇಂಗಾ ಉಂಡೆಯನ್ನು ಒಳ ಜೇಬಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಚೂರು ಚೂರು ಬಾಯಿಗೆ ಹಾಕಿಕೊಂಡೇ ತುದಿ ತಲುಪಿದೆ.

ಬೂಟು, ಕ್ರ್ಯಾಂಪಾನ್, ಐಸ್ ಆಕ್ಸ್, ಹಾರ್ನೆಸ್, ಹೆಲ್ಮೆಟ್, ದಪ್ಪ ಜಾಕೆಟ್ ಎಲ್ಲ ಅಲ್ಲೇ ಬಾಡಿಗೆಗೆ ಕೊಡುತ್ತಾರೆ, ಇಲ್ಲಿಂದ ಹೊತ್ತುಕೊಂಡು ಹೋಗಬೇಡ. ಹಿಂದಿನ ದಿನ ಅಂಗಡಿಯಲ್ಲೇ ದಪ್ಪ ಕಾಲುಚೀಲ ಹಾಕಿಕೊಂಡು ಬೂಟು ತೊಡು, ಮುಂದೆ ಬೆರಳು ಆಡುತ್ತಿರಬೇಕು. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಕ್ರ್ಯಾಂಪಾನನ್ನು ಅದೇ ಬೂಟಿಗೆ ಕಟ್ಟಿಸಿ, ಅಲ್ಲಾಡಿಸಿ ನೋಡು. ನಮ್ಮ ಗುಂಪಿನಲ್ಲಿ ಒಬ್ಬರದು ದಾರಿಯಲ್ಲಿ ಎರಡು ಸಲ ಕಳಚಿತು, ಕತ್ತಲಲ್ಲಿ ಗ್ಲೌಸ್ ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಅವರ ಬೆರಳು ಬೆಳ್ಳಗಾಗಿದ್ದವು. ನಿನ್ನದೇ ಅಂತ ಕೊಳ್ಳಬೇಕಾದ್ದು ಒಳ್ಳೆ ಉಲ್ಲನ್ ಒಳ ಉಡುಪು, ಎರಡು ಜೊತೆ ಕಾಲುಚೀಲ, ತೆಳು ಒಳಗ್ಲೌಸ್, ಹೆಡ್‌ಲ್ಯಾಂಪ್, ಹಿಮಕ್ಕೆ ಅಂತಲೇ ಇರುವ 'ಕೆಟಗರಿ 4' ಅಂತ ಬರೆದ ತುಂಬಾ ಗಾಢ ಕಪ್ಪು ಕನ್ನಡಕ. ಜುಲೈ ಅಲ್ಲಿ ಒಣ ಚಳಿಗಾಲ, ಆಕಾಶ ಶುಭ್ರವಾಗಿರುತ್ತದೆ, ರಾತ್ರಿ ಮೈನಸ್ 10, 15 ಅಂದುಕೊಂಡೇ ಹೋಗು. ಬ್ಯಾಗಿನಿಂದ ನೀರು ಹೀರುವ ಪೈಪ್ ಹೆಪ್ಪುಗಟ್ಟುತ್ತದೆ, ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ತಲೆಕೆಳಗಾಗಿ ಇಡು.

ರಾತ್ರಿ ಒಂದು ಗಂಟೆಗೆ ಹೊರಟೆವು. ಕೊನೆಯ ಏಣು ಕಿರಿದು, ಎರಡೂ ಕಡೆ ಇಳಿಜಾರು, ಅಲ್ಲಿ ನನಗೆ ನಿಜಕ್ಕೂ ಭಯವಾಯಿತು. ಗೈಡ್ ಹಗ್ಗ ಬಿಗಿಹಿಡಿದು ಒಂದೊಂದೇ ಹೆಜ್ಜೆ ಇಡಿಸಿದರು. ತುದಿಯಲ್ಲಿ ಸೂರ್ಯ ಹುಟ್ಟಿದಾಗ ಬೆಟ್ಟದ ನೆರಳು ತ್ರಿಕೋನವಾಗಿ ಸರೋವರದ ಕಡೆಗೆ ಚಾಚಿಕೊಂಡಿತ್ತು. ಅಲ್ಲಿನ ಮೂಲನಿವಾಸಿ ಆಯ್ಮಾರಾ ಹೆಂಗಸರ ಒಂದು ಗುಂಪು 2015ರಲ್ಲಿ ತಮ್ಮ ನೆರಿಗೆ ಲಂಗದಲ್ಲೇ ಈ ಬೆಟ್ಟ ಹತ್ತಿದರು, 2019ರಲ್ಲಿ ದಕ್ಷಿಣ ಅಮೆರಿಕದ ಅತಿ ಎತ್ತರದ ಶಿಖರ ಅಕೊಂಕಾಗುವಾವನ್ನೂ ಹತ್ತಿದರು. ಅವರಲ್ಲಿ ಹಲವರು ಮೊದಲು ಈ ಕ್ಯಾಂಪುಗಳಲ್ಲೇ ಅಡುಗೆ ಮಾಡುತ್ತಿದ್ದವರು. ನನಗೆ ಆ ಏಣಿನ ಮೇಲೆ ಅವರೇ ನೆನಪಾದರು.

ಹುಬ್ಬಳ್ಳಿಯಿಂದ

ಎರಡು ಮಾತು. ಇನ್ಶೂರೆನ್ಸ್ ತಗೊಳ್ಳುವಾಗ ಎತ್ತರದ ಮಿತಿ ಓದಿ. ಎಷ್ಟೋ ಪಾಲಿಸಿ 4,500 ಅಥವಾ 6,000 ಮೀಟರಿಗೆ ನಿಲ್ಲುತ್ತವೆ, ನಿಮ್ಮ ಬೆಟ್ಟ 6,088. ಹಗ್ಗ, ಐಸ್ ಆಕ್ಸ್ ಬಳಸುವ ಪರ್ವತಾರೋಹಣಕ್ಕೆ ಅನ್ವಯಿಸುತ್ತಾ ಅಂತಲೂ ಬರಹದಲ್ಲಿ ಕೇಳಿ. ಎರಡನೆಯದು ಹಳದಿ ಜ್ವರದ ಲಸಿಕೆ. ಬ್ರೆಜಿಲ್, ಬೊಲಿವಿಯಾದಿಂದ ಭಾರತಕ್ಕೆ ಮರಳುವಾಗ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹೊರಡುವ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಳ್ಳಿ. ಹಾಂ, ಕೊಕಾ ಎಲೆ, ಚಹಾ ಪೊಟ್ಟಣ ನೆನಪಿಗೆ ಅಂತ ತರಬೇಡಿ. ಅಲ್ಲಿ ಬೀದಿಯಲ್ಲಿ ಮಾರುತ್ತಾರೆ, ನಮ್ಮ ಕಾನೂನಿನಲ್ಲಿ ಅದು ಮಾದಕ ವಸ್ತು.

ಕೇಳಿದವರು

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಎರಡು ದಿನದ್ದನ್ನು ಬಿಟ್ಟು ಮೂರು ದಿನದ್ದಕ್ಕೆ ಬರೆದೆ, ಸರೋವರದ ಎರಡು ದಿನವೂ ಸೇರಿಸಿದೆ. ಇನ್ನೆರಡು ಪ್ರಶ್ನೆ. ಓಟದ ಜೊತೆ ಬೇರೆ ಏನು ಮಾಡಲಿ? ಗೈಡ್‌ಗಳಿಗೆ ಇಂಗ್ಲಿಷ್ ಬರುತ್ತಾ?

ಶಿವಮೊಗ್ಗದವರು

ಮೆಟ್ಟಿಲು ಹತ್ತಿ. ಹದಿನಾಲ್ಕು ಮಹಡಿ ಅಂದರೆ ಸುಮಾರು 42 ಮೀಟರ್. ಬೆನ್ನಿಗೆ ಎಂಟು ಕೆಜಿ ಹಾಕಿಕೊಂಡು ಹತ್ತು ಸಲ ಹತ್ತಿಳಿದರೆ ತುದಿಯ ರಾತ್ರಿಯ ಅರ್ಧ ಏರು ಆಯಿತು. ವಾರಕ್ಕೆ ಎರಡು ದಿನ ಸಾಕು. ವೇಗ ಬೇಡ, ಪಕ್ಕದವರ ಜೊತೆ ಮಾತಾಡುತ್ತಾ ಹತ್ತುವಷ್ಟು ನಿಧಾನ ಇರಲಿ. ಇಳಿಯುವಾಗಲೂ ಮೆಟ್ಟಿಲೇ ಬಳಸಿ, ಲಿಫ್ಟ್ ಬೇಡ, ಮಂಡಿ ಪಳಗಬೇಕು.

ಇಂಗ್ಲಿಷ್ ಕೆಲವರಿಗೆ ಬರುತ್ತದೆ, ಹಲವರಿಗೆ ಬರುವುದಿಲ್ಲ. ನಾಲ್ಕು ಸ್ಪ್ಯಾನಿಷ್ ಮಾತು ಬಾಯಿಪಾಠ ಮಾಡಿಕೊಳ್ಳಿ. 'ಮಾಸ್ ದೆಸ್ಪಾಸಿಯೊ' ಅಂದರೆ ಇನ್ನೂ ನಿಧಾನ. 'ತೆಂಗೊ ಫ್ರಿಯೊ' ಅಂದರೆ ಚಳಿಯಾಗುತ್ತಿದೆ. 'ಮೆ ದುಏಲೆ ಲಾ ಕಬೇಸಾ' ಅಂದರೆ ತಲೆ ನೋಯುತ್ತಿದೆ. 'ಕಿಯೆರೊ ಬಹಾರ್' ಅಂದರೆ ನಾನು ಇಳೀಬೇಕು. ಕೊನೆಯದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ, ಮೇಲೆ ಗಾಳಿ ಜೋರು, ಮೆಲ್ಲಗೆ ಹೇಳಿದರೆ ಮುಂದಿನವರಿಗೆ ಕೇಳಿಸುವುದಿಲ್ಲ.