ಹೊಸ ಲ್ಯಾಪ್‌ಟಾಪ್: ಸ್ಕ್ರೋಲ್ ಮಾಡಿದರೆ ಅಕ್ಷರದ ಹಿಂದೆ ನೆರಳು

ಪ್ರಶ್ನೆ, ಮಣಿಪಾಲದಿಂದ: 144 ಹರ್ಟ್ಸ್ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ) ಐಪಿಎಸ್ ಪರದೆ, ಅಂದರೆ ಒಂದು ಬಗೆಯ ಎಲ್‌ಸಿಡಿ; ತಗೊಂಡು ನಾಲ್ಕು ದಿನ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಸರಿಸಿದರೆ ಹಿಂದೆ ಬೂದು ಬಾಲ ಕಾಣುತ್ತದೆ. ಪ್ಯಾನೆಲ್ಲೇ ಹಾಳಾ, ಸೆಟ್ಟಿಂಗಾ?

ಕದ್ರಿಯಿಂದ: ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ಎಷ್ಟು ಹರ್ಟ್ಸ್ ಇದೆ ನೋಡಿ ಮಾರಾಯ್ರೆ. 60ರಲ್ಲಿ ಒಂದು ಫ್ರೇಮ್, ಅಂದರೆ ಒಂದು ಚಿತ್ರ, 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9 ಮಾತ್ರ, ಹಾಗಾಗಿ ಬಾಲವೂ ಗಿಡ್ಡ. ಬ್ಯಾಟರಿಯಲ್ಲಿದ್ದಾಗ ಮಾತ್ರ ನೆರಳು ಬಂದರೆ ಇಂಟೆಲ್ ಗ್ರಾಫಿಕ್ಸ್ ಆ್ಯಪ್‌ನಲ್ಲಿ ಪ್ಯಾನೆಲ್ ಸೆಲ್ಫ್ ರಿಫ್ರೆಶ್ (ಚಿತ್ರ ಬದಲಾಗದಾಗ ಪರದೆಯೇ ಅದನ್ನು ಹಿಡಿದಿಟ್ಟು ಬ್ಯಾಟರಿ ಉಳಿಸುವ ಸೌಲಭ್ಯ) ಆಫ್ ಮಾಡಿ.

ಉಡುಪಿಯಿಂದ: ಅಕ್ಷರ ನಿಂತ ಮೇಲೂ ನೆರಳು ಉಳಿಯುತ್ತದಾ? ಹಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ನೋಡಿ. ಅದರಲ್ಲೂ ಕಂಡರೆ ಡ್ರೈವರ್, ಅಂದರೆ ಗ್ರಾಫಿಕ್ಸ್ ನಡೆಸುವ ಸಾಫ್ಟ್‌ವೇರ್, ತೊಂದರೆ. ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬಯೋಸ್ ಮೆನುವಿನಲ್ಲೂ ಕಂಡರೆ ಪ್ಯಾನೆಲ್ ಅಥವಾ ಕೇಬಲ್. ಆಗ ವಿಂಡೋಸ್ ಮತ್ತೆ ಹಾಕಿ ಪ್ರಯೋಜನವಿಲ್ಲ. ಎಸಿ ಕೋಣೆಯಲ್ಲಿ ತಣ್ಣಗಾದ ಪರದೆಯಲ್ಲಿ ಬಾಲ ಉದ್ದ ಕಾಣುತ್ತದೆ, ಯಾಕೆಂದರೆ ಚಳಿಗೆ ದ್ರವಸ್ಫಟಿಕ ನಿಧಾನವಾಗಿ ತಿರುಗುತ್ತದೆ. ಅರ್ಧ ಗಂಟೆ ಆನ್ ಇಟ್ಟ ಮೇಲೆ ಪರೀಕ್ಷಿಸಿ. ಓವರ್‌ಡ್ರೈವ್ (ದ್ರವಸ್ಫಟಿಕವನ್ನು ಬೇಗ ತಿರುಗಿಸುವ ಸೆಟ್ಟಿಂಗ್) ಇದ್ದರೆ ಆನ್ ಮಾಡಬಹುದು, ಆದರೆ ಅತಿಯಾದರೆ ಅಕ್ಷರದ ಅಂಚಿಗೆ ತದ್ವಿರುದ್ಧ ಬಣ್ಣದ ಹೊಳಪು ಬರುತ್ತದೆ.

ಮಣಿಪಾಲದಿಂದ: 60ರಲ್ಲೇ ಇತ್ತು. 144 ಮಾಡಿದ ಮೇಲೆ ಬಾಲ ತುಂಬ ಗಿಡ್ಡವಾಗಿದೆ, ಪೂರ್ತಿ ಹೋಗಿಲ್ಲ.

ಕದ್ರಿಯಿಂದ: ಐಪಿಎಸ್‌ನಲ್ಲಿ ಅಷ್ಟು ಉಳಿಯುವುದೇ. ಆದರೂ ಸ್ಲೋ ಮೋಷನ್ ವಿಡಿಯೊ ತೆಗೆದಿಟ್ಟು, ವಾಪಸಾತಿಯ ಅವಧಿ ಮುಗಿಯುವ ಮೊದಲು ಅಂಗಡಿಯಲ್ಲಿ ಅದೇ ಮಾಡೆಲ್‌ನ ಪಕ್ಕ ಇಟ್ಟು ಹೋಲಿಸಿ.